ಸುಣ್ಣ ತಿಂದ ಕಾಲು

ಹುಣಸೂರಿನ ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಯುದ್ಧದ ದೆಸೆಯಿಂದ ಸಿಮೆಂಟು ಸಿಕ್ಕುವುದಿಲ್ಲವಂತೆ. ಹಾಗಾಗಿ ಹಿಂದಿನ ಕಾಲದಂತೆ ಸುಣ್ಣ ಅರಳಿಸಿ ಗಾರೆ ಅರೆಯುತ್ತಿದ್ದಾರೆ. ನೀರು ಬಿದ್ದ ಸುಣ್ಣದ ಕಲ್ಲು ಬುಸುಗುಟ್ಟಿದರೆ ಆ ಬಿಸಿ ವಾಸನೆ ನಮ್ಮ ಅಡುಗೆಮನೆಯವರೆಗೂ ಬರುತ್ತದೆ. ನಿಮಗೆ ಅದು ಹಬ್ಬವನ್ನೋ ಹೊಸ ಗೋಡೆಯನ್ನೋ ನೆನಪಿಗೆ ತಂದೀತು. ನನಗೆ ಮಾತ್ರ ಸುಸ್ತು ಬರುತ್ತದೆ. ಒಲೆಯ ಮುಂದೆ ಕೂತವಳು ಹಾಗೇ ಗೋಡೆಗೊರಗಿಬಿಡುತ್ತೇನೆ. ಸಾರು ಉಕ್ಕಿದರೂ ಏಳಬೇಕೆನಿಸುವುದಿಲ್ಲ.

ನಮ್ಮವರು ಸರ್ಕಾರದ ಇಂಜಿನಿಯರಾಗಿದ್ದವರು. ಇಂಜಿನಿಯರ ಹೆಂಡತಿಯೆಂದರೆ ಬಂಗಲೆ, ಆಳುಕಾಳು ಎಂದುಕೊಂಡು ಹಸೆಮಣೆ ಏರಿದವಳು ನಾನು. ಸಿಕ್ಕಿದ್ದು ಬಿಡಾರ. ಪಿರಿಯಾಪಟ್ಟಣದ ಕಡೆ ಸೇತುವೆಯಾದರೆ ಅಲ್ಲೊಂದು ಬಿಡಾರ, ಸರಗೂರಿನ ಹತ್ತಿರ ಕಾಲುವೆಯಾದರೆ ಅಲ್ಲೊಂದು. ನನ್ನ ಪಾತ್ರೆಗಳು ಗೂಡಿನಲ್ಲಿ ಕೂತದ್ದಕ್ಕಿಂತ ಎತ್ತಿನ ಗಾಡಿಯಲ್ಲಿ ಕುಲುಕಾಡಿದ್ದೇ ಹೆಚ್ಚು. ಅಂತರಸಂತೆಯಿಂದಾಚೆ ಕಾಡಂಚಿನ ಕೆರೆಯೊಂದಕ್ಕೆ ಕಲ್ಲಿನ ತೂಬು ಕಟ್ಟಿಸುವಾಗಲಂತೂ ಏರಿಯ ಮೇಲೇ ಹುಲ್ಲಿನ ಗುಡಿಸಲು. ರಾತ್ರಿ ಆನೆಯ ಭಯ, ಹಗಲು ನಮ್ಮವರ ಗೊಣಗಾಟ.

ಅವರ ಗೊಣಗಾಟವೆಲ್ಲ ಕೂಲಿಯವರ ಬಗ್ಗೆ. ಅಗೆದ ಗುಂಡಿಯ ಮಣ್ಣು ಕುಸಿಯದಂತೆ ಹಲಗೆ ಕೊಟ್ಟರೇ? ಕುಡಿಯುವ ನೀರು ಕಾಯಿಸಿದರೇ? ಚಳಿಜ್ವರದ ಮಾತ್ರೆ ನುಂಗಿದರೋ, ಬೇಲಿಗೆ ಉಗುಳಿದರೋ?

"ಕಟ್ಟಡ ನಿಲ್ಲೋದು ಅರ್ಧ ಕೆಲಸ ಕಣೇ. ಕಟ್ಟೋಕೆ ಬಂದೋರು ಬಂದ ಹಾಗೇ ಮನೆಗೆ ಹೋಗ್ಬೇಕು, ಅದು ಇನ್ನರ್ಧ," ಎನ್ನುತ್ತಿದ್ದರು.

"ಊಟ ಆರಿಹೋಗ್ತಾ ಇದೆ, ಅದು ಯಾವ ಅರ್ಧಕ್ಕೆ ಸೇರಿದ್ದು?" ಎಂದು ನಾನು ಕೇಳುತ್ತಿದ್ದೆ. ಆಗ ನನಗೆ ಬಾಯಿ ಜೋರು.

ಎಲ್ಲರಿಗಿಂತ ಪಾಡು ಪಡುತ್ತಿದ್ದವರು ಗಾರೆ ಹೊರುವ ಹೆಂಗಸರು. ದಿನವಿಡೀ ಬರಿಗಾಲಿನಲ್ಲಿ ಹಸಿ ಗಾರೆಯಲ್ಲಿ ನಿಂತು ಬಾಂಡ್ಲಿ ತುಂಬಿಸಿಕೊಳ್ಳಬೇಕು. ಸುಣ್ಣ ಮೊದಲು ಹಿಮ್ಮಡಿ ಒಡೆಸುತ್ತದೆ, ಆಮೇಲೆ ಬೆರಳ ಸಂದಿಗೆ ಇಳಿದು ತಿನ್ನುತ್ತದೆ. ಅವರಲ್ಲಿ ಚಿಕ್ಕತಾಯಿ ಎಂಬವಳು ಸಂಜೆ ನನ್ನ ಹತ್ತಿರ ಹರಳೆಣ್ಣೆಗೆ ಬರುತ್ತಿದ್ದಳು. ಗಂಡ ಸತ್ತವಳು, ತಲೆಹೊರೆಯ ಕೂಲಿಯಲ್ಲೇ ಮಕ್ಕಳನ್ನು ಸಾಕಬೇಕು. ಅವಳ ಬಲಗಾಲ ಬೆರಳ ಹುಣ್ಣು ವಾಸಿಯಾಗುವುದು, ಮತ್ತೆ ಕೆರಳುವುದು, ಹೀಗೇ ನಡೆದಿತ್ತು.

ನಮ್ಮವರು ಸರಗೂರಿನಿಂದ ಎಕ್ಕಡ ಹೊಲಿಯುವವನನ್ನು ಕರೆಸಿ, ಬೆರಳು ಮುಚ್ಚುವಂಥ ದಪ್ಪ ಜೋಡು ಹೊಲಿಸಿ ಆ ಹೆಂಗಸರಿಗೆಲ್ಲ ಕೊಡಿಸಿದರು. ಮಾರನೆಯ ದಿನ ನೋಡಲು ಹೋದರೆ ಎಲ್ಲರದೂ ಬರಿಗಾಲು. ಮೇಸ್ತ್ರಿಯನ್ನು ಬೈದರು. ಅದರ ಮಾರನೆಯ ದಿನವೂ ಹೋದರು, ಮತ್ತೆ ಬರಿಗಾಲು. ಯಾರೋ ಜೋಡುಗಳನ್ನು ಸಂತೆಯಲ್ಲಿ ಮಾರಿಬಿಟ್ಟಿದ್ದಾರೆಂದು ಅನುಮಾನ ಬಂದು, ಬೆಳಿಗ್ಗೆ ಸಂಜೆ ಹೋಗತೊಡಗಿದರು.

ಗುಡಿಸಲ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ನನಗೆ ಎಲ್ಲವೂ ಕಾಣುತ್ತಿತ್ತು. ಇವರ ಟೋಪಿ ಏರಿಯ ಮೇಲೆ ಕಂಡಿತೋ ಇಲ್ಲವೋ, "ಬುದ್ಯೋರು ಬತ್ತಾವ್ರೆ ಕಣ್ರಮ್ಮೀ!" ಎಂಬ ಕೂಗು. ಹೆಂಗಸರೆಲ್ಲ ಸರಸರನೆ ಜೋಡು ಕಳಚಿ ಬುಟ್ಟಿಯಡಿ ತೂರಿಸಿ, ಗಾರೆಯಲ್ಲೇ ತಲೆತಗ್ಗಿಸಿ ನಿಲ್ಲುವರು. ಇವರು ಮರೆಯಾದ ಮೇಲೆ ಮತ್ತೆ ಹಾಕಿಕೊಳ್ಳುವರು.

ಸಂಜೆ ಚಿಕ್ಕತಾಯಿಯನ್ನು ಕೇಳಿದೆ.

"ಅಯ್ಯೋ ಅವ್ವಾರೇ, ಬುದ್ಯೋರ ಎದುರ್ಗೆ ಎಕ್ಕಡ ಮೆಟ್ಕಂಡು ನಿಂತ್ಕಳಾಕಾದದಾ? ಅನ್ನ ಕೊಡೋರಲ್ವಾ ಅವ್ರು? ನಮ್ಮಳ್ಳಿಯೋರು ಕಂಡ್ರೆ ಉಗುದ್ಬುಟ್ಟಾರು."

ನಾನು ಇದನ್ನು ಹೇಳಿದಾಗ ನಮ್ಮವರ ಮುಖ ನೋಡಬೇಕಿತ್ತು. ಕಾಲು ಉಳಿಸಲು ಹೋದಷ್ಟೂ ಕಾಲು ಸುಡುತ್ತಿತ್ತು. ಮಾರನೆಯ ದಿನದಿಂದ ಅವರು ಏರಿಯ ಆಚೆ ತುದಿಯ ಹೊಂಗೆಮರದ ಮರೆಯಲ್ಲಿ ಮಟ್ಟ ನೋಡುವ ದುರ್ಬೀನು ನಿಲ್ಲಿಸಿಕೊಂಡು ಅಲ್ಲಿಂದಲೇ ಕಾಲು ನೋಡತೊಡಗಿದರು. ಆ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗು. ಒಂದು ದಿನ ನನಗೂ ತೋರಿಸಿದರು. ಹೆಂಗಸರೆಲ್ಲ ತಲೆ ಕೆಳಗೆ ಮಾಡಿಕೊಂಡು, ಜೋಡು ತೊಟ್ಟ ಕಾಲುಗಳನ್ನು ಆಕಾಶಕ್ಕೆ ಚಾಚಿ ಓಡಾಡುತ್ತಿದ್ದರು. ನಾವಿಬ್ಬರೂ ನಕ್ಕೆವು. ಆ ಬಿಡಾರದಲ್ಲಿ ನಾವು ಮನಸಾರೆ ನಕ್ಕ ನೆನಪು ಅದೊಂದೇ. ಚಿಕ್ಕತಾಯಿಯ ಹುಣ್ಣು ಮಾಗುತ್ತಾ ಬಂದಿತ್ತು.

ಅಷ್ಟರಲ್ಲಿ ಮೈಸೂರಿನಿಂದ ಇವರ ಮೇಲಿನ ಸಾಹೇಬರು ತನಿಖೆಗೆ ಬಂದರು. ಜೋಡು ಕಳಚಕೂಡದೆಂದು ಇವರು ಹಿಂದಿನ ದಿನವೇ ಮೇಸ್ತ್ರಿಗೆ ಹೇಳಿದ್ದರು. ಹೇಳಿ ಏನು ಬಂತು? ಇವರೆದುರಿಗೇ ಮೆಟ್ಟದವರು ಇವರ ದೊರೆಯ ಎದುರಿಗೆ ಮೆಟ್ಟುತ್ತಾರೆಯೇ? ಸಾಹೇಬರು ಗಾರೆಯ ಗುಂಡಿಯ ಪಕ್ಕದಲ್ಲೇ ನಿಂತು ತೂಬಿನ ಬಗ್ಗೆ ಮಾತಿಗೆ ತೊಡಗಿದರು. ಮುಗಿಯುವ ಮಾತಲ್ಲ. ದೊಡ್ಡವರು ನಿಂತಿರುವಾಗ ಕದಲಬಾರದೆಂದು ಚಿಕ್ಕತಾಯಿ ಆ ಬಿಸಿ ಗಾರೆಯಲ್ಲೇ ನಿಂತಿದ್ದಳು.

"ಈಚೆಗೆ ಬಾರಮ್ಮ," ಎಂದರು ನಮ್ಮವರು, ಮಾತಿನ ನಡುವೆಯೇ. ಅವಳು ತಲೆ ಇನ್ನಷ್ಟು ತಗ್ಗಿಸಿದಳು. "ಸ್ವಾಮಿ, ನಾವು ಮುಂದಕ್ಕೆ ಹೋಗೋಣ," ಎಂದು ಸಾಹೇಬರಿಗೇ ಹೇಳಿದರು. ಸಾಹೇಬರ ಹುಬ್ಬು ಗಂಟಿಕ್ಕಿತು. ಅವರು ಮಾತು ಪೂರೈಸಿಯೇ ಹೊರಟರು.

ಹುಣ್ಣು ಕೊಳೆಯಿತು. ಜ್ವರದಲ್ಲಿ ನಡುಗುತ್ತಿದ್ದವಳನ್ನು ನಮ್ಮ ಗಾಡಿಯಲ್ಲೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಜೀವ ಉಳಿಯಿತು, ಹೆಬ್ಬೆರಳೂ ಅದರ ಪಕ್ಕದ್ದೂ ಉಳಿಯಲಿಲ್ಲ. ಹೊರೆ ಹೊತ್ತರೆ ವಾಲುತ್ತಿದ್ದಳು. ಹೆಂಗಸರ ಕೂಸುಗಳನ್ನು ಮಲಗಿಸಲು ನಮ್ಮವರು ಒಂದು ಚಪ್ಪರ ಹಾಕಿಸಿ, ಅವಳನ್ನು ಅಲ್ಲಿ ಕೂರಿಸಿ, ಅದೇ ಕೂಲಿ ಕೊಡಿಸಿದರು. ಒಳ್ಳೆಯದಾಯಿತು ಎಂದುಕೊಂಡೆ.

ಆದರೆ ಚಪ್ಪರವಿದ್ದದ್ದು ತೂಬಿಗೆ ಹೋಗುವ ದಾರಿಯಲ್ಲಿ. ಇವರು ಹಾದುಹೋದಾಗಲೆಲ್ಲ ಅವಳು ಕಂಬ ಹಿಡಿದು, ಹಲ್ಲು ಕಚ್ಚಿ, ಆ ಕಾಲಿನ ಮೇಲೇ ಎದ್ದು ನಿಲ್ಲುವಳು. "ಕೂತ್ಕೋಮ್ಮ" ಎಂದರೆ "ಇರ್ಲಿ ಬುಡಿ ಬುದ್ದಿ" ಎನ್ನುವಳು. ಬೇಡಿಕೊಂಡರು, ಗದರಿದರು, ಅವಳು ಏಳುವುದು ತಪ್ಪಲಿಲ್ಲ. ಕೊನೆಗೆ ಇವರೇ ದಾರಿ ಬಿಟ್ಟು ಕೆರೆಯ ಹಿಂದಿನ ಮುಳ್ಳುಪೊದೆ ಸುತ್ತಿಕೊಂಡು ಹೋಗತೊಡಗಿದರು. ದಿನಾ ಪಂಚೆ ಹರಿದುಕೊಂಡು ಬರುವರು. ನಾನು ಹೊಲಿದು ಕೊಡುವೆನು. ತೂಬು ಮುಗಿಯುವವರೆಗೂ ಹೀಗೇ ನಡೆಯಿತು.

ಅಲ್ಲಿಂದ ಬಂದ ಮೇಲೆ ಅವರ ಗೊಣಗಾಟ ಕಡಿಮೆಯಾಯಿತು. ವಯಸ್ಸಾಯಿತು, ಉತ್ಸಾಹ ಇಳಿಯಿತು ಎಂದುಕೊಂಡಿದ್ದೆ. ನಿನ್ನೆ ಪಕ್ಕದ ಮನೆಯ ಮೇಸ್ತ್ರಿ ಬಂದು, "ಸ್ವಾಮಿ, ಒಂದ್ ಗಳಿಗೆ ಬಂದು ಪಾಯ ನೋಡ್ಬುಡಿ" ಎಂದು ಕೈಮುಗಿದ.

"ಬೇಡ ಕಣಯ್ಯ. ನಾನು ಬಂದ್ರೆ ಅವರಿಗೆ ತೊಂದರೆ," ಎಂದರು ನಮ್ಮವರು. ಅರಳುಮರುಳು ಎಂದುಕೊಂಡಿರಬೇಕು ಅವನು, ನನ್ನ ಮುಖ ನೋಡಿ ಹೊರಟುಹೋದ. ಪಕ್ಕದ ಮನೆಗೂ ಹೋಗದಿದ್ದರೆ ಹೇಗೆಂದು ನನಗೂ ಸಿಟ್ಟು ಬಂದಿತ್ತು.

ಇವತ್ತು ಬೆಳಿಗ್ಗೆ ಆ ಕೆಲಸ ನೋಡೋಣವೆಂದು ನಾನೇ ಕಿಟಕಿಯ ಬಳಿ ನಿಂತೆ. ಒಬ್ಬ ಹೆಂಗಸು ಎರಡು ಕಾಲಿಗೂ ಗೋಣಿಪಟ್ಟೆ ಸುತ್ತಿ ಕಟ್ಟಿಕೊಂಡು ಗಾರೆಯಲ್ಲಿ ನಿಂತಿದ್ದಳು. ತಲೆಯೆತ್ತಿ ನನ್ನನ್ನು ಕಂಡಳು. ಕೂಡಲೇ ಸೆರಗು ಸರಿಮಾಡಿಕೊಂಡು, ಬಗ್ಗಿ, ಆ ಗೋಣಿಯ ಗಂಟು ಬಿಚ್ಚತೊಡಗಿದಳು.

ನಾನು ಕಿಟಕಿ ಮುಚ್ಚಿಬಿಟ್ಟೆ.