ಒಂದು ಮಿಕ್ಸಿ, ಎರಡು ಜೊತೆ ಕಿವಿ

ನಾನು ಮಿಕ್ಸಿಯ ಗುಂಡಿ ತಿರುಗಿಸುವುದಕ್ಕೂ, ನಡುಮನೆಯಲ್ಲಿ ಪೇಪರ್ ಹಿಡಿದು ಕೂತ ಅಪ್ಪ ಕಿವಿಗೆ ಕೈಹಾಕುವುದಕ್ಕೂ ಸರಿಹೋಗುತ್ತದೆ. ಅವರೆಕಾಳಿಗಿಂತ ತುಸು ದೊಡ್ಡದಾದ ಶ್ರವಣಯಂತ್ರವನ್ನು ಕಿತ್ತು, ಅಂಗಿಯ ಜೇಬಿಗೆ ಇಳಿಬಿಟ್ಟು, ಮತ್ತೆ ಪೇಪರಿನಲ್ಲಿ ಮುಳುಗುತ್ತಾರೆ. "ನಿನ್ನ ಮಿಕ್ಸಿ ಅಡುಗೆಮನೇಲಿ ತಿರುಗಲ್ಲ ಪುಟ್ಟಿ, ನನ್ನ ತಲೆ ಒಳಗೆ ತಿರುಗುತ್ತೆ" ಎನ್ನುತ್ತಾರೆ. ಪುಟ್ಟಿ ಎಂದರೆ ನಾನೇ. ನನಗೆ ಐವತ್ತಾರು ವರ್ಷ, ಹೈಸ್ಕೂಲಿನಲ್ಲಿ ಗಣಿತದ ಟೀಚರು, ಮೊಣಕಾಲು ನೋವು ಬೇರೆ.

ಎಂಬತ್ತೆರಡರ ಅಪ್ಪನನ್ನು ಈ ಯಂತ್ರಕ್ಕೆ ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು. ಹಾಕಿಸಿ ಮೂರು ತಿಂಗಳಾಯಿತು. ಅದರ ಕಷ್ಟ ಏನೆಂದರೆ, ಅದು ಮಾತನ್ನು ದೊಡ್ಡದು ಮಾಡುವ ಹಾಗೆಯೇ ಮಿಕ್ಸಿಯನ್ನೂ ದೊಡ್ಡದು ಮಾಡುತ್ತದೆ. ಜೇಬಿಗೆ ಹೋದದ್ದನ್ನು ಅಪ್ಪ ಮತ್ತೆ ನೆನಪಿಸಿಕೊಳ್ಳುವುದು ಸಂಜೆ ಅಂಗಿ ಬದಲಿಸುವಾಗ. ಅಲ್ಲಿಗೆ ನಾವಿಬ್ಬರೂ ಮನುಷ್ಯರ ಹಾಗೆ ಮಾತಾಡಲು ಸಿಗುವುದು ಬೆಳಗಿನ ಕಾಫಿಗೂ ಚಟ್ನಿಗೂ ನಡುವಿನ ಅರ್ಧ ಗಂಟೆ ಮಾತ್ರ. ಅಮ್ಮ ಹೋಗಿ ಆರು ವರ್ಷವಾಯಿತು. ಅಪ್ಪನೊಡನೆ ಇನ್ನೆಷ್ಟು ದಿನದ ಮಾತು ಉಳಿದಿದೆಯೋ ಗೊತ್ತಿಲ್ಲ. ಅದನ್ನು ಒಂದು ಮಿಕ್ಸಿ ತಿಂದುಹಾಕುವುದನ್ನು ನನಗೆ ಸಹಿಸಲಾಗಲಿಲ್ಲ.

ಹಾಗಾಗಿ ಕಡಿಮೆ ಸದ್ದು ಮಾಡುವ ಮಿಕ್ಸಿಯನ್ನು ಹುಡುಕಲು ಹೊರಟೆ. ಗಣಿತದವರು ಹುಡುಕುವುದು ಬರಿಗಿವಿಯಿಂದಲ್ಲ. ಫೋನಿಗೆ ಸದ್ದು ಅಳೆಯುವ ಆಪ್ ಹಾಕಿಕೊಂಡೆ. ಅದರಲ್ಲಿ ಒಂದು ಮುಳ್ಳು ಕುಣಿಯುತ್ತದೆ, ಕೆಳಗೆ ಆ ಸದ್ದು ಯಾವುದಕ್ಕೆ ಸಮ ಎಂದು ಬರೆದು ತೋರಿಸುತ್ತದೆ. ನನ್ನ ಮಿಕ್ಸಿಯ ಮುಂದೆ ಹಿಡಿದರೆ 'ಹತ್ತಿರ ಹಾದುಹೋಗುವ ರೈಲು' ಎಂದಿತು. ಅಂದರೆ ಇಷ್ಟು ವರ್ಷ ಶಿವಮೊಗ್ಗದ ಆಲ್ಕೊಳದ ನಮ್ಮ ಅಡುಗೆಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ರೈಲು ಹೋಗುತ್ತಿತ್ತು, ಅದೂ ಒಂದು ಬಟ್ಟಲು ಚಟ್ನಿಗಾಗಿ!

ನಮ್ಮ ಮೇಲಿನ ಮನೆಯಲ್ಲಿ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ಒಬ್ಬ ಮೇಡಂ ಇದ್ದಾರೆ. ಆರೋಗ್ಯದ ಬಗ್ಗೆ ಬಹಳ ಕಾಳಜಿ. ಅವರ ಬಳಿ ಐಸನ್ನೂ ಪುಡಿಮಾಡುವ ಒಂದು ದೈತ್ಯ ಬ್ಲೆಂಡರ್ ಇದೆ, ಹಣ್ಣನ್ನು ಮೆಲ್ಲಗೆ ಹಿಂಡುವ ಒಂದು ಜ್ಯೂಸರ್ ಕೂಡ ಇದೆ. ಬ್ಲೆಂಡರ್ ಶುರುವಾದಾಗ ಮುಳ್ಳು ಓಡಿದ್ದು ನೋಡಿ ನಾನೇ ಫೋನನ್ನು ಹಿಂದಕ್ಕೆಳೆದುಕೊಂಡೆ. ಜ್ಯೂಸರ್ ಮಾತ್ರ ಸಾಧು ಪ್ರಾಣಿ. 'ಇಬ್ಬರು ಕೂತು ಮಾತಾಡುವಷ್ಟು' ಎಂದು ಆಪ್ ಸರ್ಟಿಫಿಕೇಟ್ ಕೊಟ್ಟಿತು. ನನಗೆ ಬೇಕಾದದ್ದು ಅದೇ ಅಲ್ಲವೇ? ಆಸೆಯಿಂದ ಅದಕ್ಕೆ ತೆಂಗಿನಕಾಯಿ ಹಾಕಿ ನೋಡಿದೆವು. ಹಾಲು ಒಂದು ಕಡೆ, ಹೊಟ್ಟು ಇನ್ನೊಂದು ಕಡೆ ಬಂತೇ ಹೊರತು ಚಟ್ನಿ ಆಗಲಿಲ್ಲ. ಪ್ರತಿ ಪರೀಕ್ಷೆಗೂ ಒಂದೊಂದು ಲೋಟ ಕ್ಯಾರೆಟ್ ರಸ ಕುಡಿದು ಕೆಳಗಿಳಿದು ಬಂದೆ.

ಆಮೇಲೆ ಗಾಂಧಿ ಬಜಾರಿನ ಅಂಗಡಿಗೆ ಹೋದೆ. ಒಂದೊಂದೇ ಮಿಕ್ಸಿ ಹಾಕಿಸಿ, ಫೋನು ಹಿಡಿದು, ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಅಂಗಡಿಯವರು ಮೊದಲು ಗಾಬರಿಯಾದರು.

"ಯಾವ ಇಲಾಖೆಯಿಂದ ಬಂದ್ರಿ ಮೇಡಂ?"

"ಯಾವ ಇಲಾಖೆನೂ ಅಲ್ಲ. ನಮ್ಮಪ್ಪನಿಗೋಸ್ಕರ."

ಆರನೆಯ ಮಿಕ್ಸಿಯೂ ರೈಲಾದಾಗ ಅವರು ಕೈಚೆಲ್ಲಿದರು. "ಸೌಂಡ್ ಇದ್ರೇನೇ ಪವರ್ ಮೇಡಂ. ಸೌಂಡ್ ಇಲ್ದೆ ರುಬ್ಬಬೇಕು ಅಂದ್ರೆ ನೀವು ವಾಪಸ್ ಒರಳುಕಲ್ಲಿಗೇ ಹೋಗ್ಬೇಕು, ಅಷ್ಟೇ."

ಬರಿಗೈಯಲ್ಲಿ ಸಿಟಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮನಸ್ಸು ಒರಳುಕಲ್ಲಿಗೆ ಹೋಗಲಿಲ್ಲ, ಭದ್ರಾವತಿಗೆ ಹೋಯಿತು. ನನ್ನ ಜೊತೆ ನೀವೂ ಬನ್ನಿ, ದೂರವೇನಿಲ್ಲ.

ಅಪ್ಪ ಅಲ್ಲಿ ಕಾರ್ಖಾನೆಯ ರೋಲಿಂಗ್ ಮಿಲ್ಲಿನಲ್ಲಿದ್ದರು. ಕೆಂಪಗೆ ಕಾದ ಕಬ್ಬಿಣ ಉರುಳೆಗಳ ನಡುವೆ ಹಾದು ಸರಳಾಗಿ ಹೊರಬರುವ ಜಾಗ ಅದು. ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ಸಾಲಿಗೆ ಹತ್ತು ಮನೆ. ನಡುವಿನ ಗೋಡೆ ಎಷ್ಟು ತೆಳುವೆಂದರೆ ಈ ಮನೆಯಲ್ಲಿ ಸೀನಿದರೆ ಆ ಮನೆಯಲ್ಲಿ "ನೂರು ವರ್ಷ" ಎನ್ನುತ್ತಿದ್ದರು. ಕನ್ನಡದವರು, ತಮಿಳರು, ತೆಲುಗರು ಎಲ್ಲ ಸೇರಿ ಇದ್ದ ಸಾಲಿನಲ್ಲಿ ಎಲ್ಲರಿಗೂ ಸಮನಾಗಿದ್ದದ್ದು ಒಂದೇ, ಶಿಫ್ಟು. ಯಾವ ಮನೆಯ ಗಂಡಸು ಯಾವ ಹೊತ್ತಿಗೆ ಮಲಗುತ್ತಾನೆಂದು ಹೇಳಲು ಬರುತ್ತಿರಲಿಲ್ಲ.

ಒಂದೊಂದಾಗಿ ಮನೆಗಳಿಗೆ ಮಿಕ್ಸಿ ಬಂದ ಮೇಲೆ ಇದೇ ದೊಡ್ಡ ಪಂಚಾಯಿತಿಯಾಯಿತು. ಕೊನೆಗೆ ಹೆಂಗಸರೇ ಸೇರಿ ಒಂದು ಏರ್ಪಾಡು ಮಾಡಿಕೊಂಡರು. ರಾತ್ರಿಪಾಳಿ ಮುಗಿಸಿ ಬಂದವರು ಮಲಗಿದ್ದರೆ ಆ ಮನೆಯ ಬಾಗಿಲ ಚಿಲಕಕ್ಕೆ ಕೆಂಪು ಟವೆಲ್ ಹಾಕಬೇಕು. ಟವೆಲ್ ಇರುವವರೆಗೆ ಅಕ್ಕಪಕ್ಕದಲ್ಲಿ ಯಾರೂ ಮಿಕ್ಸಿ ಹಾಕಬಾರದು. ತೆಗೆದ ಕೂಡಲೇ "ಎದ್ದರೂ!" ಎಂದು ಒಂದು ಕೂಗು, ಅದರ ಬೆನ್ನಿಗೇ ಹತ್ತೂ ಮನೆಯ ಮಿಕ್ಸಿ. ಒಮ್ಮೆ ಪಕ್ಕದ ಸೆಲ್ವಿ ಅಕ್ಕನ ಮನೆಗೆ ಸೇಲಂನಿಂದ ಬಂದ ಅವಳ ತಮ್ಮ, ಬೆಳಿಗ್ಗೆ ಸ್ನಾನ ಮಾಡಿ ತನ್ನ ಒದ್ದೆ ಕೆಂಪು ಟವೆಲನ್ನು ಒಣಗಲೆಂದು ಚಿಲಕಕ್ಕೆ ಹಾಕಿ ಊರು ನೋಡಲು ಹೋದ. ಮಧ್ಯಾಹ್ನದವರೆಗೆ ಸಾಲಿನಲ್ಲಿ ಪಿಸುಮಾತು ಬಿಟ್ಟರೆ ಬೇರೆ ಸದ್ದಿಲ್ಲ. ಹತ್ತೂ ಮನೆಯಲ್ಲಿ ಆ ದಿನ ಬರೀ ತಿಳಿಸಾರು. ಸ್ವತಃ ಸೆಲ್ವಿ ಅಕ್ಕ, ತನ್ನ ಗಂಡ ಡ್ಯೂಟಿಯಲ್ಲಿದ್ದಾನೆಂದು ಗೊತ್ತಿದ್ದೂ, ಟವೆಲ್ ನೋಡಿ ಅಭ್ಯಾಸಬಲದಿಂದ ಬೆಕ್ಕಿನ ಹೆಜ್ಜೆ ಇಡುತ್ತಿದ್ದಳಂತೆ.

ನಮ್ಮ ಮನೆಗೆ ಮಿಕ್ಸಿ ತಂದದ್ದು ಅಪ್ಪ. ಅಮ್ಮನಿಗೆ ಬೇಕಿರಲಿಲ್ಲ. "ಒರಳಿದೆಯಲ್ರೀ, ಕೈಯಿದೆಯಲ್ರೀ" ಎಂದು ಎಷ್ಟು ಹೇಳಿದರೂ ಹಟ ಮಾಡಿ ತಂದಿದ್ದರು. ಅದನ್ನು ಹಾಕಿದರೆ ಕಟ್ಟೆಯ ಮೇಲಿನ ಲೋಟಗಳೆಲ್ಲ ನಡೆದುಕೊಂಡು ಬಂದು ಅಂಚಿನಲ್ಲಿ ನಿಲ್ಲುತ್ತಿದ್ದವು.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ನಡೆದದ್ದು ಇದು. ಅಪ್ಪ ಪಾಳಿಯಿಂದ ಬರುವ ಮೊದಲು ಅಮ್ಮ ಚಟ್ನಿಗೆ ಹಾಕಿದ್ದಳು. ಅರ್ಧದಲ್ಲಿ ಕರೆಂಟು ಹೋಯಿತು. ಮುಚ್ಚಳ ತೆಗೆದು ನೋಡಿದಳು, ಇನ್ನೂ ತರಿತರಿಯಾಗಿತ್ತು. ಅಷ್ಟರಲ್ಲಿ ಅಪ್ಪ ಬಂದರು. ಗಡಿಬಿಡಿಯಲ್ಲಿ ಮಿಕ್ಸಿಯ ಗುಂಡಿ ಹಿಂದಕ್ಕೆ ತಿರುಗಿಸುವುದು ಮರೆತುಹೋಯಿತು. ಅಪ್ಪ ಉಪ್ಪಿಟ್ಟು ತಿಂದು, ಅಡುಗೆಮನೆಯ ಗೋಡೆಗೇ ಅಂಟಿದ ಮಂಚದಲ್ಲಿ ಮಲಗಿದರು. ಬಾಗಿಲಿಗೆ ಟವೆಲ್ ಬಿತ್ತು. ನನಗೆ ರಜೆ, ಹೊಸ್ತಿಲ ಹತ್ತಿರ ಕೂತು ಲೆಕ್ಕ ಮಾಡುತ್ತಿದ್ದೆ. ಹನ್ನೊಂದು ಗಂಟೆಗೆ ಕರೆಂಟು ಬಂತು, ಕರೆಂಟಿನ ಜೊತೆ ಮಿಕ್ಸಿಯೂ ಬಂತು! ಮುಚ್ಚಳವಿಲ್ಲದ ಜಾರಿನಿಂದ ಚಟ್ನಿ ಸೂರಿಗೆ, ಗೋಡೆಗೆ, ಓಡಿಬಂದು ಗುಂಡಿ ತಿರುಗಿಸಿದ ಅಮ್ಮನ ಮುಖಕ್ಕೆ ಹಾರಿತು.

ಆಚೆಯಿಂದ ಸೆಲ್ವಿ ಅಕ್ಕ ಎದೆಗೆ ಕೈಯಿಟ್ಟುಕೊಂಡು ಬಂದಳು. "ಅಯ್ಯಯ್ಯೋ, ಎನ್ನಕ್ಕಾ ಆಚು? ಏನಾಯ್ತು? ಅಣ್ಣ ಎದ್ದುಬಿಟ್ರಾ?"

ಅಮ್ಮ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗೇ ಇದ್ದರು. ಒಂದು ಬೆರಳೂ ಅಲ್ಲಾಡಿರಲಿಲ್ಲ.

"ಇಲ್ಲ ಸೆಲ್ವಿ. ಎದ್ದಿಲ್ಲ" ಎಂದಳು ಅಮ್ಮ. ಸೆಲ್ವಿ ಅಕ್ಕ ದೇವರಿಗೆ ಕೈಮುಗಿದು ಹೋದಳು. ಅಮ್ಮ ಮಾತ್ರ ಮುಖ ಒರೆಸಿಕೊಳ್ಳದೆ ಅಲ್ಲೇ ಕುಸಿದು ಕೂತಳು. ಆಮೇಲೆ ನನ್ನನ್ನು ಹತ್ತಿರ ಎಳೆದುಕೊಂಡು, "ನಿಮ್ಮಪ್ಪನಿಗೆ ಕಿವಿ ಹೋಗಿದೆ ಕಣೇ. ಆ ಮಿಲ್ಲು ತಿಂದುಬಿಟ್ಟಿದೆ. ಯಾರ ಹತ್ರಾನೂ ಬಾಯಿ ಬಿಡಬೇಡ. ಗೊತ್ತಾದ್ರೆ ಮಿಲ್ಲಿಂದ ತೆಗೆದು ಎಲ್ಲಾದ್ರೂ ಮೂಲೇಲಿ ಕೂರಿಸ್ತಾರೆ. ಅವರು ತಡ್ಕೊಳಲ್ಲ" ಎಂದಳು. ಅಪ್ಪನಿಗೂ ಹೇಳಬಾರದು. ತನ್ನ ಹೆಂಡತಿಗೆ ತಿಳಿಯಿತೆಂದರೆ ಅವರು ಕುಗ್ಗಿಹೋಗುತ್ತಾರೆಂದು ಅವಳ ಲೆಕ್ಕ.

ಆವತ್ತಿನಿಂದ ನಮ್ಮ ಮನೆಯಲ್ಲಿ ಕೂಗಾಟ ಶುರುವಾಯಿತು. ಅಮ್ಮ "ರೀ, ಊಟಕ್ಕೆ ಬನ್ನೀ!" ಎಂದರೆ ಸಾಲಿನ ಕೊನೆಯ ಮನೆಯವರಿಗೂ ಹಸಿವಾಗುತ್ತಿತ್ತು. ಅಪ್ಪನೂ ಕೂಗಿಯೇ ಉತ್ತರ ಕೊಡುತ್ತಿದ್ದರು. ಕಿವಿ ಮಂದವಾದವರು ಕೂಗುತ್ತಾರಲ್ಲ, ಹಾಗೆ ಎಂದು ನಾವಿಬ್ಬರೂ ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದೆವು. ಒಮ್ಮೊಮ್ಮೆ ಅವರು ನಮ್ಮ ಪಿಸುಮಾತಿಗೂ ತಿರುಗಿ ನೋಡಿದರೆ, "ತುಟಿ ನೋಡಿ ಕಂಡುಹಿಡೀತಾರೆ, ಜಾಣರು" ಎಂದು ಅಮ್ಮ ಹೆಮ್ಮೆಪಡುತ್ತಿದ್ದಳು. ಅಪ್ಪ ನಮಗೆ ಬೆನ್ನು ಮಾಡಿ ಕೂತಿದ್ದಾಗ ತುಟಿ ಹೇಗೆ ಕಾಣುತ್ತದೆಂದು ಗಣಿತ ಓದಿದ ನಾನು ಒಮ್ಮೆಯೂ ಕೇಳಲಿಲ್ಲ ನೋಡಿ. ರಿಟೈರಾಗಿ ಶಿವಮೊಗ್ಗಕ್ಕೆ ಬಂದ ಮೇಲೂ ಅದೇ ರಾಗ. ಎಪ್ಪತ್ತು ದಾಟಿದ ಮೇಲೆ ಅಪ್ಪನಿಗೆ ನಿಜಕ್ಕೂ ಕಿವಿ ಕೇಳದಾಯಿತು. ಅಮ್ಮ ಹೇಳಿದ್ದು ಸರಿಯೇ ಎಂದುಕೊಂಡೆ. ಅಮ್ಮ ಹೋದ ದಿನ ಮನೆ ಎಷ್ಟು ಸುಮ್ಮನಾಯಿತೆಂದರೆ, ನನಗೆ ಅಳುವುದಕ್ಕಿಂತ ಮೊದಲು ಹೆದರಿಕೆಯಾಯಿತು.

ಅಂಗಡಿಯಿಂದ ಬರಿಗೈಯಲ್ಲಿ ಬಂದ ಮರುದಿನ ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದೆ. ಅಪ್ಪ ಕಾಫಿ ಲೋಟದೊಂದಿಗೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದರು. ಯಂತ್ರ ಕಿವಿಯಲ್ಲಿತ್ತು, ನಮ್ಮ ಅರ್ಧ ಗಂಟೆ ನಡೆಯುತ್ತಿತ್ತು. ನನ್ನ ಗ್ರಾಫ್ ಹಾಳೆ ನೋಡಿ ನಕ್ಕರು.

"ಒಂದು ಮಿಕ್ಸಿಗೆ ಇಷ್ಟೊಂದು ಯಾಕೆ ತಲೆ ಕೆಡಿಸ್ಕೊಳ್ತೀಯ ಮಾರಾಯ್ತಿ?"

"ಅಮ್ಮ ಇದಕ್ಕಿಂತ ಜಾಸ್ತಿ ಕೆಡಿಸ್ಕೊಂಡಿದ್ಲು ಅಪ್ಪ" ಎಂದುಬಿಟ್ಟೆ. ಬಾಯಿ ಜಾರಿತು. ಜಾರಿದ ಮೇಲೆ ಎಲ್ಲ ಹೇಳಿದೆ. ಕರೆಂಟು, ಚಟ್ನಿ, ಅಮ್ಮನ ಕಟ್ಟಪ್ಪಣೆ, ನಲವತ್ತೈದು ವರ್ಷದ ಗುಟ್ಟು.

ಅಪ್ಪ ಲೋಟ ಕೆಳಗಿಟ್ಟರು. "ಆ ಸದ್ದಿಗೆ ಏಳದೆ ಇರೋಕಾಗುತ್ತೇನೇ? ಎದ್ದಿದ್ದೆ. ತಿರುಗಿ ನೋಡೋ ಹೊತ್ತಿಗೆ ಅವಳು ಬಾಗಿಲಿಗೆ ಬರ್ತಿದ್ಲು, ಮುಖದ ತುಂಬ ಚಟ್ನಿ. ನಾನು ಎದ್ದುಬಿಟ್ಟೆ ಅಂದ್ರೆ ಪಾಪ ಅತ್ತುಬಿಡ್ತಾಳೆ ಅಂತ ಗೋಡೆ ಕಡೆ ತಿರುಗಿ ಕಣ್ಣು ಮುಚ್ಕೊಂಡೆ."

"ಹಾಗಾದ್ರೆ ನಿಮ್ಮ ಕಿವಿ?"

"ಆಗ ನನ್ನ ಕಿವಿಗೇನಾಗಿತ್ತು? ಕಿವಿ ಹೋಗಿದ್ದು ನಿಮ್ಮಮ್ಮಂದು. ಆವತ್ತಿಂದ ಕೂಗಿ ಕೂಗಿ ಮಾತಾಡೋಳು. ದಿನಾ ಆ ಮಿಕ್ಸಿ ಪಕ್ಕ ನಿಂತೂ ನಿಂತೂ ಹೀಗಾಯ್ತು ಅಂದ್ಕೊಂಡೆ. ಬೇಡ ಬೇಡ ಅಂದ್ರೂ ಮಿಕ್ಸಿ ತಂದೋನು ನಾನೇ ಅಲ್ವಾ? ಯಾವ ಬಾಯಲ್ಲಿ ಕೇಳ್ಲಿ? ಅದಕ್ಕೇ ಅವಳಿಗೆ ಕೇಳಿಸ್ಲಿ ಅಂತ ನಾನೂ ಕೂಗಿ ಮಾತಾಡ್ತಿದ್ದೆ."

ನನಗೆ ನಗು ಬಂತು. ಇಬ್ಬರ ಕಿವಿಯೂ ನೆಟ್ಟಗಿದ್ದಾಗ, ಒಬ್ಬರನ್ನೊಬ್ಬರು ನೋಯಿಸಬಾರದೆಂದು, ಇಬ್ಬರೂ ಅಷ್ಟು ವರ್ಷ ಗಂಟಲು ಹರಿದುಕೊಂಡಿದ್ದರು. ನಾನು ಪಕ್ಕದಲ್ಲಿ ನಿಂತು ಗುಟ್ಟು ಕಾಯುತ್ತಿದ್ದೆ.

"ಅಮ್ಮನ ಕಿವಿ ಕೊನೇ ದಿನದವರೆಗೂ ಚೆನ್ನಾಗಿತ್ತಪ್ಪ" ಎಂದೆ.

ಅಪ್ಪ ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡರು. ಆಮೇಲೆ, "ಸಣ್ಣಗೆ ಮಾತಾಡಿದ್ರೂ ಕೇಳಿಸ್ತಿತ್ತಾ?" ಎಂದರು.

"ಸಣ್ಣಗೆ ಮಾತಾಡಿದ್ರೂ."

"ಹಿಂದೆ ನಿಂತು ಹೇಳಿದ್ರೂ?"

"ಹೂಂ ಅಪ್ಪ. ಯಾಕೆ? ಏನು ಹೇಳ್ತಿದ್ರಿ?"

"ಕೂಗಿ ಹೇಳಿದ್ರೆ ಇಡೀ ಸಾಲಿಗೆ ಕೇಳಿಸುತ್ತಲ್ಲ. ಕೆಲವು ಮಾತು ಹಾಗೆ ಕೂಗಕ್ಕಾಗುತ್ತಾ? ಅವಳು ಒಲೆ ಮುಂದೆ ನಿಂತಿರುವಾಗ ಹಿಂದೆ ಬಂದು ಹೇಳ್ತಿದ್ದೆ. ಹೇಗೂ ಕೇಳಿಸಲ್ಲ ಅನ್ನೋ ಧೈರ್ಯ." ಅವರು ನನ್ನನ್ನು ನೋಡುತ್ತಿರಲಿಲ್ಲ. "'ಸಾಕು ಕಣೇ, ನಿಂತೂ ನಿಂತೂ ದಣಿದಿದೀಯ. ಒಂಚೂರು ನನ್ನ ಹತ್ರ ಕೂತ್ಕೋ' ಅಂತ. ಒಂದು ದಿನಾನೂ ತಿರುಗಿ ನೋಡ್ಲಿಲ್ಲ. ಇದನ್ನ ಕೇಳಿಸ್ಕೊಳ್ಳದೇ ಹೋಗ್ಬಿಟ್ಲಲ್ಲ ಅಂತ ಆರು ವರ್ಷದಿಂದ ಕೊರೀತಾ ಇತ್ತು."

ಅಷ್ಟು ಮೆಲ್ಲಗೆ ಅಪ್ಪ ಮಾತಾಡಿದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಕಾವಲಿಯ ಮೇಲೆ ದೋಸೆ ಸೀಯುತ್ತಿತ್ತು.

ಇದ್ದಕ್ಕಿದ್ದಂತೆ ಅವರ ದನಿ ಏರಿತು. "ಕೇಳಿಸ್ಕೊಂಡೂ ಕೂತ್ಕೊಳ್ಲಿಲ್ಲ ನೋಡು ಅವಳು!" ಎಂದರು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗು. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಖಾಲಿಯಿದ್ದ ಇನ್ನೊಂದು ಸ್ಟೂಲನ್ನು ಕಾಲಿನಿಂದ ನನ್ನತ್ತ ಸರಿಸಿದರು.

ಚಟ್ನಿಗೆ ಕಾಯಿ, ಮೆಣಸಿನಕಾಯಿ ಎಲ್ಲ ಜಾರಿನಲ್ಲಿ ತುಂಬಿಟ್ಟಿದ್ದೆ. ಅದು ಹಾಗೇ ಇರಲಿ ಎಂದು ಒಲೆ ಆರಿಸಿ, ಅವರ ಹತ್ತಿರ ಕೂತೆ.