ಹಿಂದಿನ ಸಾಲಿನ ಚಪ್ಪಾಳೆ

ಮೊದಲು ಬಂದದ್ದು ಒಂದು ವಾಸನೆ. ಒದ್ದೆ ಬಟ್ಟೆಗೆ ಇಸ್ತ್ರಿ ಇಟ್ಟಾಗ ಏಳುವ ಆವಿಯದ್ದು. ಶಕ್ತಿನಗರದ ಮನೆಯಲ್ಲಿ ಇಳಿಹೊತ್ತಿನ ಅಸರ್ ನಮಾಜಿಗೆ ನಾನು ಮುಂದೆ ನಿಂತಿದ್ದೆ. ಹಿಂದೆ ಹೆಂಡತಿ ಝೊಹರಾ, ಪಿಯುಸಿ ಓದುವ ಮಗಳು ಶಮಾ. ಕಿಟಕಿಯ ಬೆಳಕು ದಪ್ಪವಾಯಿತು. ಕಾಲಡಿಯ ಚಾಪೆ ನಿಧಾನಕ್ಕೆ ದೂರ ಸರಿಯಿತು, ದಡದಿಂದ ದೋಣಿ ಸರಿದ ಹಾಗೆ. ಆಮೇಲೆ ನೋಡಿದರೆ ನಿಂತೇ ಇದ್ದೇನೆ. ನಮಾಜಿನ ನಾಲ್ಕು ಸುತ್ತಿನಲ್ಲಿ ಇದು ಎರಡನೇ ರಕಅತೋ, ಮೂರನೆಯದೋ?

ಇಷ್ಟು ನನ್ನದು. ಉಳಿದದ್ದು ಝೊಹರಾ ಹೇಳಿದ್ದು.

ಮುಂದೆ ನಿಂತವನು ತಪ್ಪಿದರೆ ಹಿಂದಿರುವ ಗಂಡಸರು 'ಸುಬ್‌ಹಾನಲ್ಲಾಹ್' ಎನ್ನಬೇಕು. ಹೆಂಗಸರು ಎಡಗೈಯ ಹಿಂಬದಿಗೆ ಬಲ ಅಂಗೈ ತಟ್ಟಬೇಕು. ನಾನು ಬಾಗದೆ ನಿಂತಾಗ ಅವಳು ತಟ್ಟಿದಳಂತೆ. ಮತ್ತೊಮ್ಮೆ, ಜೋರಾಗಿ.

ನನಗೆ ಕೇಳಿಸಿರಲಿಲ್ಲ.

"ನಿಸ್ಕಾರದಲ್ಲಿ ಎಂತ ಅಗಿತಾ ಇದ್ರಿ ನೀವು?" ಎಂದಳು ಝೊಹರಾ, ನಮಾಜು ಮುಗಿದ ಮೇಲೆ.

"ಉಪ್ಪನ ಬಾಯಲ್ಲಿ ಚೂಯಿಂಗ್ ಗಮ್ ಉಂಟು," ಶಮಾ ನಕ್ಕಳು. ಅವಳಿಗೆ ಅಪ್ಪ ಎಂದರೆ ಉಪ್ಪ.

ಬಾಯಲ್ಲಿ ಏನೂ ಇರಲಿಲ್ಲ.

ಅದು ಬುಧವಾರ ಎಂದು ಇಲ್ಲಿ ಮೊದಲು ಬರೆದಿದ್ದೆ. ಸೋಮವಾರ ಎನ್ನುತ್ತಾಳೆ ಝೊಹರಾ. ಅವಳದ್ದೇ ಇರಲಿ.

ಫಳ್ನೀರಿನ ನ್ಯೂರಾಲಜಿಸ್ಟ್ "ಯಾವಾಗಿನಿಂದ?" ಎಂದರು. ನಾನು ಝೊಹರಾಳ ಕಡೆ ನೋಡಿದೆ.

"ರಂಜಾನ್ ಕಳೆದ ಮೇಲೆ ಡಾಕ್ಟ್ರೇ," ಎಂದಳು ಝೊಹರಾ. "ಆವಾಗಿಂದ ಇವರು ಕೊನೆಗೆ ಎರಡು ಸುಜೂದ್ ಜಾಸ್ತಿ ಮಾಡ್ತಾರೆ. ನಿಸ್ಕಾರದಲ್ಲಿ ಮರೆತು ಹೋದ್ರೆ ಸಲಾಮಿನ ಮೊದಲು ಹಾಗೆ ಹಣೆ ಇಡ್ಲಿಕ್ಕುಂಟು. ಮೊದಲು ವಾರಕ್ಕೊಂದು. ಈಗ ದಿನಾ."

ಡಾಕ್ಟರ್ ಅದನ್ನು ಫೈಲಿನಲ್ಲಿ ಬರೆದುಕೊಂಡರು. ನನ್ನ ಕಾಯಿಲೆಯ ಚರಿತ್ರೆ ನನ್ನ ತಲೆಯಲ್ಲಿರಲಿಲ್ಲ, ಹಿಂದಿನ ಸಾಲಿನಲ್ಲಿತ್ತು. ಇಇಜಿ ಆಯಿತು, ಎಂಆರ್‌ಐ ಆಯಿತು.

ಅಪಸ್ಮಾರ.

ಬೀಳುವುದಿಲ್ಲ, ನೊರೆ ಬರುವುದಿಲ್ಲ. ಒಂದೆರಡು ನಿಮಿಷ ಎಲ್ಲಿಗೋ ಹೋಗಿ ಬರುತ್ತೇನೆ, ಅಷ್ಟೇ. ಪಣಂಬೂರಿನ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವುದನ್ನು ಡಾಕ್ಟರ್ ನಿಲ್ಲಿಸಿದರು. ನಮಾಜಿಗೆ ಮುಂದೆ ನಿಲ್ಲುವುದನ್ನು ನಾನೇ ನಿಲ್ಲಿಸಿದೆ. ಕೋಣೆಯ ಬಾಗಿಲು ಹಾಕಿ ಒಬ್ಬನೇ ಮಾಡುತ್ತಿದ್ದೆ. ಕರೆದರೂ ಕೇಳಿಸದವನ ಹಿಂದೆ ಯಾರು ನಿಲ್ಲಬೇಕು?

ಮಾತ್ರೆ ಶುರುವಾಗಿ ಎರಡು ತಿಂಗಳಾದ ಮೇಲೆ ಝೊಹರಾ ಹಾಲ್‌ನಲ್ಲಿ ನಮಾಜಿನ ಮೂರು ಮುಸಲ್ಲಾ ಚಾಪೆ ಹಾಸಿದಳು. ಒಂದು ಮುಂದೆ.

"ಮರೆತರೆ?"

"ಮರೆತರೆ ನಮ್ಮ ಕೈ ಎಂತಕ್ಕುಂಟು?"

"ಅವತ್ತು ಕೇಳಿಸಲಿಲ್ಲವಲ್ಲ."

"ಇವತ್ತು ನೋಡುವ. ನಿಲ್ಲಿ ಮಾರಾಯ್ರೆ, ಹೊತ್ತಾಯ್ತು."

ನಿಂತೆ. ವಾಸನೆ ಬರುತ್ತದೆಯೇ ಎಂದು ಕಾಯುತ್ತಲೇ ಒಂದನೇ ರಕಅತ್ ಮುಗಿಯಿತು. ಎರಡನೆಯದರ ಸುಜೂದಿನಿಂದ ತಲೆಯೆತ್ತಿದೆ. ಬೆಳಕು ಅದೇ ಬೆಳಕು. ಎದ್ದು ನಿಂತೆ.

ಚಪ್.

ಎರಡನೇ ರಕಅತ್ ಮುಗಿದಾಗ ಕೂತು ಅತ್ತಹಿಯ್ಯಾತ್ ಪ್ರಾರ್ಥನೆ ಓದಬೇಕಿತ್ತು. ಬಿಟ್ಟು ಎದ್ದಿದ್ದೆ. ಕಾಯಿಲೆಯೋ, ಯಾರಿಗಾದರೂ ಆಗುವ ಮರೆವೋ, ಗೊತ್ತಿಲ್ಲ. ಪೂರ್ತಿ ನೆಟ್ಟಗೆ ನಿಂತ ಮೇಲೆ ಬಿಟ್ಟದ್ದಕ್ಕೆ ಮರಳಿ ಕೂರುವಂತಿಲ್ಲ. ಮುಂದುವರಿಯಬೇಕು, ಕೊನೆಗೆ ಆ ಎರಡು ಸುಜೂದ್. ಮುಂದುವರಿದೆ. ಮೂರು. ನಾಲ್ಕು. ಸಲಾಮಿನ ಮೊದಲು ಹಣೆ ನೆಲಕ್ಕಿಟ್ಟೆ. ಹಿಂದೆ ಎರಡು ಹಣೆಗಳು ನೆಲ ಮುಟ್ಟಿದ ಸದ್ದು. ತಪ್ಪು ನನ್ನೊಬ್ಬನದು. ಬಾಗಿದ್ದು ಮೂವರೂ.

ಬಲಕ್ಕೆ ಸಲಾಮ್, ಎಡಕ್ಕೆ ಸಲಾಮ್. ತಿರುಗಿ ಕೂತೆ. ಝೊಹರಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಕೇಳಿಸ್ತು," ಎಂದೆ.