ನೆಲನೆಲ್ಲಿ ಕೀಳುವಾಗ ಆಡಿದ ಮಾತು

ಒಂದು ಹೊತ್ತು ಬಾಯಿ ಮುಚ್ಚಿಕೊಂಡಿರು ಅಂದರೆ ನನ್ನ ಕೈಲಿ ಆಗಲಿಲ್ಲ. ಆಮೇಲೆ ಬಾಯಿ ಬಿಡಬೇಕಾದಾಗ ಗಟ್ಟಿಯಾಗಿ ಮುಚ್ಚಿಕೊಂಡೆ. ಅದರಿಂದ ನಮ್ಮಕ್ಕ ಹನ್ನೊಂದು ದಿನ ಹೆಚ್ಚಿಗೆ ಉಪ್ಪಿಲ್ಲದ ಗಂಜಿ ಕುಡಿದಳು.

ತವರಿಗೆ ಬಂದಿದ್ದ ಅಕ್ಕನಿಗೆ ಕಾಮಾಲೆ ಆಗಿತ್ತು. ಕಣ್ಣು, ಉಗುರು ಎಲ್ಲ ಅರಿಶಿನ. ಶಿರಾದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕಾಯಿಸಿದ ನೀರು ಕುಡಿದು ಮಲಗು, ಮೆಲ್ಲಗೆ ಇಳಿಯುತ್ತೆ ಅಂದರು. ಮೆಲ್ಲಗೆ ಅನ್ನೋದು ಅಮ್ಮನಿಗೆ ಹಿಡಿಸಲಿಲ್ಲ. ನಿಡುಗಲ್ ಕಡೆಯಿಂದ ನಾಟಿ ಔಷಧಿ ಕೊಡುವ ಅಜ್ಜಿಯನ್ನು ಕರೆಸಿದಳು.

ಅಜ್ಜಿಯ ಔಷಧಿ ನೆಲನೆಲ್ಲಿ. ಕಡಲೆಕಾಯಿ ಹೊಲದಲ್ಲಿ ಕಳೆ ಅಂತ ನಾವು ಕಿತ್ತು ಬಿಸಾಡುತ್ತಿದ್ದ ಗಿಡ. ಎಲೆಯಡಿ ಸಾಸಿವೆಯಷ್ಟು ಕಾಯಿ ಸಾಲಾಗಿ ಕಟ್ಟಿರುತ್ತೆ. ಬೇರು ಸಮೇತ ಅರೆದು, ಮಜ್ಜಿಗೆಯಲ್ಲಿ ಕಲಸಿ, ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಸಬೇಕು. ಪಿತ್ತ ಇಳಿಸುತ್ತೆ, ಹಸಿವು ತರುತ್ತೆ, ಉರಿಮೂತ್ರ ನಿಲ್ಲಿಸುತ್ತೆ ಅಂತ ಅಜ್ಜಿ ಹೇಳುತ್ತಲೇ ಹೋದಳು. ಇನ್ನೂ ಸ್ವಲ್ಪ ಬಿಟ್ಟಿದ್ದರೆ ಬೋರ್‌ವೆಲ್ಲಿಗೂ ನೀರು ತರಿಸುತ್ತಿದ್ದಳು.

ಕುಡಿದವಳು ಹನ್ನೊಂದು ದಿನ ಉಪ್ಪು, ಎಣ್ಣೆ ಮುಟ್ಟಬಾರದು. ಕೀಳುವವಳು ಎದ್ದಾಗಿನಿಂದ ಗಿಡ ತಂದು ಅರೆಯುವವರೆಗೆ ಯಾರ ಹತ್ತಿರವೂ ಮಾತಾಡಬಾರದು. ಈ ಕೆಲಸಕ್ಕೆ ಮನೆಯವರು ನನ್ನನ್ನು ಆರಿಸಿದರು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಾಗ ಖುಷಿಪಟ್ಟ ಮೇಷ್ಟ್ರನ್ನು ಒಂದು ಮಾತು ಕೇಳಿದ್ದರೆ ಬೇರೆ ಯಾರನ್ನಾದರೂ ಕಳಿಸಿ ಅನ್ನುತ್ತಿದ್ದರು.

ಎರಡು ದಿನ ಮೂಗಿಯಂತಿದ್ದೆ. ಮೂರನೇ ದಿನ ಬದುವಿನ ಮೇಲೆ ಪಕ್ಕದ ಹೊಲದವಳು ಸಿಕ್ಕಳು. ಬರಗೂರಿನ ಮದುವೆಯಲ್ಲಿ ಒಬ್ಬಟ್ಟು ಸಾಲದೆ ಗಂಡಿನ ಕಡೆಯವರು ಎಲೆ ಬಿಟ್ಟು ಎದ್ದ ಸುದ್ದಿ ಅವಳ ಹತ್ತಿರ ಇತ್ತು. ತಲೆಯಾಡಿಸಿಕೊಂಡೇ ಕೇಳಿದೆ. ಬೀಗಿತ್ತಿ ಏನಂದಳು ಅಂತ ಕೇಳದೆ ಇರಲು ನಾನೇನು ಕಲ್ಲೇ? ಬಿಸಿಲೇರುವವರೆಗೆ ಮಾತಾಡಿದೆವು. ಗಿಡಕ್ಕೆಲ್ಲಿ ಕಿವಿ ಇದೆ ಅಂದುಕೊಂಡು ಅದನ್ನೇ ತಂದು ಅರೆದೆ.

ಹನ್ನೊಂದು ದಿನ ಕಳೆದರೂ ಅಕ್ಕನ ಕಣ್ಣಿನ ಹಳದಿ ಹೋಗಲಿಲ್ಲ. ಅಜ್ಜಿ ಬಂದು ನೋಡಿ, ಎಲ್ಲೋ ನೇಮ ಕೆಟ್ಟಿದೆ ಅಂದಳು. ಎಲ್ಲರೂ ತಿರುಗಿದ್ದು ಅಕ್ಕನ ಕಡೆಗೆ. ಅವಳಿಗೆ ಮೊದಲಿಂದಲೂ ಉಪ್ಪಿನಕಾಯಿ ಅಂದರೆ ಪ್ರಾಣ. ಅಮ್ಮ ಅವಳ ಬೆರಳು ಮೂಸಿ ನೋಡಿದಳು. ನೋಡಲು ಬಂದಿದ್ದ ಭಾವ, ನಾಲಿಗೆ ಕಟ್ಟೋಕಾಗಲ್ವಾ ಅಂತ ಬೈದರು.

"ದೇವ್ರಾಣೆ ಮುಟ್ಟಿಲ್ಲ ಕಣಮ್ಮ" ಅಂತ ಅಕ್ಕ ಅತ್ತಳು.

ನಾನು ಒರಳು ತೊಳೆಯುತ್ತಿದ್ದೆ. ತೊಳೆದ ಒರಳನ್ನೇ ಮತ್ತೆ ತೊಳೆದೆ. ಪಥ್ಯ ಮೊದಲಿನಿಂದ ಶುರುವಾಯಿತು, ಉಪ್ಪಿನಕಾಯಿ ಜಾಡಿ ಪಕ್ಕದ ಮನೆ ಸೇರಿತು.

ಕಾಮಾಲೆ ಇಳಿಯಿತು. ಇಳಿಸಿದ್ದು ತಾವೇ ಅಂತ ಡಾಕ್ಟರೂ ಅಂದುಕೊಂಡಿರಬೇಕು, ಅಜ್ಜಿಯಂತೂ ಊರಿಗೆಲ್ಲ ಸಾರಿದಳು. ಕದ್ದು ತಿಂದವಳು ಅನ್ನುವ ಹೆಸರು ಮಾತ್ರ ಅಕ್ಕನ ಮೇಲೆ ಉಳಿಯಿತು. ಯಾರ ಮನೆ ಊಟದಲ್ಲಾದರೂ ಉಪ್ಪಿನಕಾಯಿ ಬಂತೆಂದರೆ ನಮ್ಮವರು ನಗುತ್ತಾರೆ, ಅಕ್ಕ ಎಲೆಗೆ ಕೈ ಅಡ್ಡ ಹಿಡಿಯುತ್ತಾಳೆ.

ಹೋದ ತಿಂಗಳು ಮಧುಗಿರಿಯಲ್ಲಿ ಒಂದು ನಾಮಕರಣ. ಊಟಕ್ಕೆ ಪಕ್ಕಪಕ್ಕ ಕೂತಿದ್ದೆವು. ಅಕ್ಕ ಎಂದಿನಂತೆ ಕೈ ಅಡ್ಡ ಹಿಡಿದಳು, ಎದುರು ಸಾಲಿನಲ್ಲಿ ಭಾವ ನಕ್ಕರು. ನಾನು ಅವಳ ಕೈ ಸರಿಸಿ, ಎರಡು ಹೋಳು ಹಾಕಿಸಿದೆ. ಆಮೇಲೆ ಎದುರು ಸಾಲಿಗೂ ಕೇಳುವಂತೆ ಅಂದೆ:

"ನೀನು ಅವತ್ತು ಉಪ್ಪಿನಕಾಯಿ ಮುಟ್ಟಿರ್ಲಿಲ್ಲ. ಗಿಡ ಕೀಳ್ವಾಗ ಮಾತಾಡ್ಬುಟ್ಟಿದ್ದು ನಾನು, ಹೇಳ್ದೆ ಸುಮ್ಕಿದ್ದೋಳೂ ನಾನೇ. ನಂದು ತಪ್ಪಾಯ್ತು ಕಣಕ್ಕ."